ಕಾಳುಪಲ್ಯ ಕಾಲುಪಲ್ಯ ಆಗದಿರಲಿ: ಅಂಗಡಿ ಬೋರ್ಡು ತಪ್ಪಿಲ್ಲದೆ ಮಾಡಿಸುವುದು ಹೇಗೆ?

"ಬೋರ್ಡ್ ಏರಿಸೇವ್ರಿ, ಇದರಾಗ ಏನಾರ ತಪ್ಪ ಐತೇನ್ ನೋಡ್ರಿ" ಅಂತ ಫೋಟೋ ಕಳಿಸುವವರು ಬಹಳ ಜನ. ನಾನು ಬೆಳಗಾವಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ತಪ್ಪು ಇದ್ದೇ ಇರುತ್ತದೆ. ಆದರೆ ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ, ಪೂಜೆಯೂ ಮುಗಿದಿರುತ್ತದೆ. ಆಮೇಲೆ ಆ ಬೋರ್ಡಿನ ಫೋಟೋ ಊರೆಲ್ಲ ಓಡಾಡುತ್ತದೆ. ನೋಡಿದವರು ನಗುತ್ತಾರೆ, ಅಂಗಡಿಯವರು ಮುಖ ಚಿಕ್ಕದು ಮಾಡಿಕೊಂಡು ಕೂರುತ್ತಾರೆ.

ಇಂಥ ತಪ್ಪುಗಳು ಕನ್ನಡ ಬರದೆ ಆಗುವುದು ಕಡಿಮೆ. ಬೋರ್ಡಿನ ಬರಹ ನಾಲ್ಕು ಕೈ ದಾಟಿ ಬರುತ್ತದೆ: ನಿಮ್ಮ ಬಾಯಿ, ಟೈಪ್ ಮಾಡುವವರ ಬೆರಳು, ಕತ್ತರಿಸುವ ಮಷಿನ್ನು, ಏರಿಸುವವರ ಸ್ಕ್ರೂ. ಒಂದೊಂದು ಕೈ ದಾಟುವಾಗಲೂ ಒಂದೊಂದು ಅಕ್ಷರ ಜಾರುತ್ತದೆ. ಆದ್ದರಿಂದ ಕೊನೆಗೆ ಒಂದೇ ಸಲ ನೋಡಿದರೆ ಸಾಲದು, ಕೈ ಬದಲಾದಾಗಲೆಲ್ಲ ನೋಡಬೇಕು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ.

ಮೊದಲು ಇಷ್ಟು ಜೋಡಿಸಿಕೊಳ್ಳಿ: ಬಿಳಿ ಹಾಳೆ, ಪೆನ್ನು, ಅಳತೆ ಟೇಪು, ಅಂಗಡಿ ಮುಂಭಾಗದ ಫೋಟೋ, ವ್ಯಾಪಾರ ಪರವಾನಗಿಯ ನಕಲು. ಜೊತೆಗೆ ಐದನೆಯದೋ ಆರನೆಯದೋ ಓದುವ ಒಂದು ಮಗು. ಮಗು ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಬಾಯಲ್ಲಿ ಹೇಳಬೇಡಿ, ಬರೆದುಕೊಡಿ

ಫೋನಿನಲ್ಲಿ ಹೇಳಿ ಬೋರ್ಡು ಮಾಡಿಸುವುದು ಎಲ್ಲ ತಪ್ಪಿಗೂ ತಾಯಿ. ವಾಯ್ಸ್ ಮೆಸೇಜಂತೂ ಬೇಡವೇ ಬೇಡ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುವುದೂ ಅಷ್ಟೇ ಅಪಾಯ. ಅದರಲ್ಲಿ ಲ ಯಾವುದು ಳ ಯಾವುದು, ಹೊ ಯಾವುದು ಹೋ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಟೈಪ್ ಮಾಡುವವರು ಅಂದಾಜಿನ ಮೇಲೆ ಹಾಕುತ್ತಾರೆ.

ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಒಂದೊಂದು ಸಾಲು ಬಿಟ್ಟು ಬರೆಯಿರಿ. ಹೆಸರು, ಏನು ಮಾರುತ್ತೀರಿ, ವಿಳಾಸ, ಫೋನ್ ನಂಬರು, ಅಷ್ಟೇ. ಹೆಸರು ಪರವಾನಗಿಯಲ್ಲಿ ಇರುವ ಹಾಗೇ ಇರಲಿ. ಹಾಳೆಯನ್ನು ಫೋಟೋ ತೆಗೆದಿಟ್ಟುಕೊಂಡು ಅಸಲನ್ನೇ ಅವರ ಕೈಗೆ ಕೊಡಿ.

ವಿಳಾಸ ಬರೆಯುವಾಗ ಅಂಕಿಗಳ ಕಡೆ ಜಾಸ್ತಿ ಗಮನ ಇರಲಿ. ವಿಜಯಪುರದ ಪಿನ್‌ಕೋಡು 586101, ಬಾಗಲಕೋಟೆಯದು 587101. ವಿಜಯಪುರದ ಎಸ್‌ಟಿಡಿ ಕೋಡು 08352, ಬಾಗಲಕೋಟೆಯದು 08354. ಒಂದೇ ಅಂಕಿಯ ವ್ಯತ್ಯಾಸ ನೋಡಿ. ಹಳೇ ಗಿರಾಕಿಯ ಫೈಲ್ ತೆರೆದು ಹೆಸರಷ್ಟೇ ಬದಲಿಸಿ ಕೊಡುವ ರೂಢಿ ನಮ್ಮ ಕಸುಬಿನಲ್ಲಿದೆ. ಆಗ ಪಕ್ಕದ ಜಿಲ್ಲೆಯ ಪಿನ್‌ಕೋಡು ಹಾಗೇ ಉಳಿದುಬಿಡುತ್ತದೆ. ಊರ ಹೆಸರೂ ಹೀಗೇ ಉಳಿಯುತ್ತದೆ. 2014ರ ನವೆಂಬರ್ 1ಕ್ಕೆ ಬಿಜಾಪುರ ಅಧಿಕೃತವಾಗಿ ವಿಜಯಪುರ ಆಯಿತು, ಬೆಲ್ಗಾಮ್ ಬೆಳಗಾವಿ ಆಯಿತು. ಹಳೇ ಫೈಲುಗಳಿಗೆ ಅದಿನ್ನೂ ತಿಳಿದಿಲ್ಲ.

2. ಅಕ್ಷರ ಅಕ್ಷರವಾಗಿ ನೋಡಿ

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಒಂದು ಅಕ್ಷರ ಜಾರಿದರೆ ಅರ್ಥ ಎಲ್ಲಿಗೆ ಹೋಗುತ್ತದೆ ನೋಡಿ. ಖಾನಾವಳಿಯ ಪಟ್ಟಿಯಲ್ಲಿ ಕಾಳುಪಲ್ಯ ಕಾಲುಪಲ್ಯ ಆದರೆ ಯಾರ ಕಾಲು ಅಂತ ಕೇಳುತ್ತಾರೆ. ಹುಳಿ ಹುಲಿ ಆಗುತ್ತದೆ. ಶುದ್ಧ ಹಾಲು ಶುದ್ಧ ಹಾಳು ಆಗುತ್ತದೆ. ಬೆಲೆ ಪಟ್ಟಿ ಬೆಳೆ ಪಟ್ಟಿ ಆದರೆ ಕೃಷಿ ಇಲಾಖೆಯ ಬೋರ್ಡಿನ ಹಾಗೆ ಕಾಣುತ್ತದೆ. ಬಳೆ ಅಂಗಡಿ ಬಲೆ ಅಂಗಡಿ ಆದರೆ ಮೀನು ಹಿಡಿಯುವವರು ಬರಬೇಕು. "ಹಳೆ ಬಂಗಾರ ಕೊಳ್ಳುತ್ತೇವೆ" ಎಂಬುದರಲ್ಲಿ ಎರಡು ಳ ತಪ್ಪಿದರೆ ಬಂಗಾರವನ್ನು ಕೊಲ್ಲುತ್ತೇವೆ ಎಂದಾಗುತ್ತದೆ. ಸಹಾಯಧನ ಸಹಾಯದನ ಆದರೆ ಹಣ ಹೋಗಿ ಎಮ್ಮೆ, ಆಕಳು ಬರುತ್ತವೆ. ಮಧ್ಯಾಹ್ನದ ಊಟ "ಮದ್ಯಾಹ್ನ"ದ ಊಟ ಆದರೆ ಮೊದಲು ಮದ್ಯವೇ ಕಣ್ಣಿಗೆ ಬೀಳುತ್ತದೆ. ಈ ಪದ ಬರೆಯುವಾಗ ಇನ್ನೊಂದು ಎಚ್ಚರಿಕೆ: ಹ ಮೇಲೆ, ನ ಒತ್ತು ಕೆಳಗೆ. ತಿರುಗಾಮುರುಗಾ ಬರೆಯುವವರೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಹೋಳಿಗೆ ಮತ್ತು ಹೊಲಿಗೆ. ಸಿಹಿ ಅಂಗಡಿಯ ಮೇಲೆ "ಶೇಂಗಾ ಹೊಲಿಗೆ" ಅಂತ ಬಂದರೆ ಹೇಗಿರುತ್ತದೆ, ಯೋಚಿಸಿ. ಪಕ್ಕದ ಟೇಲರ್ ಅಂಗಡಿಯಲ್ಲಿ "ಅರ್ಜೆಂಟ್ ಹೋಳಿಗೆ ಮಾಡಿಕೊಡಲಾಗುವುದು" ಅಂತ ಬಂದರಂತೂ ಮುಗಿದೇ ಹೋಯಿತು.

ಇದು ಆಗುವ ಬಗೆ ಬಹಳ ಸರಳ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕಂಪ್ಯೂಟರಿನ ಕನ್ನಡ ಟೈಪಿಂಗಿಗೆ ಬಹಳ ಕಡೆ ಬಳಸುತ್ತಾರೆ. 'ನುಡಿ' ತಂತ್ರಾಂಶದಲ್ಲೂ ಅದೇ ಇದೆ. ಅದರಲ್ಲಿ ಲ ಮತ್ತು ಳ ಒಂದೇ ಕೀಲಿಯಲ್ಲಿವೆ. ಸುಮ್ನೆ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ದ ಮತ್ತು ಧ, ಬ ಮತ್ತು ಭ, ಟ ಮತ್ತು ಠ, ಒ ಮತ್ತು ಓ ಎಲ್ಲವೂ ಹೀಗೇ. ಶಿಫ್ಟ್ ಕೀಲಿಯ ಮೇಲಿನ ಕಿರುಬೆರಳು ಒಂದು ಕ್ಷಣ ಮೊದಲೇ ಎದ್ದರೆ ಸಾಕು, ಕಾಳು ಕಾಲಾಯಿತು. ಹೋಳಿಗೆ ಹೊಲಿಗೆ ಆಗಲು ಎರಡು ಸಲ ತಪ್ಪಬೇಕು. ಸಂಜೆ ಆರು ಗಂಟೆಗೆ, ಮೂರು ಗಿರಾಕಿಗಳು ಎದುರಿಗೆ ನಿಂತಾಗ, ಎರಡು ಸಲ ತಪ್ಪುವುದು ದೊಡ್ಡ ಮಾತಲ್ಲ.

ಹಾಗಾಗಿ ನಿಮ್ಮ ಹಾಳೆಯಲ್ಲಿ ಳ, ಧ, ಭ, ಠ, ಥ, ಣ, ಷ ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಟೈಪ್ ಆದ ಮೇಲೆ ಮೊದಲು ಅವನ್ನೇ ನೋಡಿ.

ನಮ್ಮ ಭಾಗದ್ದೇ ಇನ್ನೊಂದು ತಪ್ಪಿದೆ. "ಸ್ಟೋರ್ಸ", "ಟೇಲರ್ಸ", "ಡ್ರಿಂಕ್ಸ" ಅಂತ ಕೊನೆಯ ಅರ್ಧಾಕ್ಷರದ ಗುರುತು ಬಿಟ್ಟು ಬರೆಯುವುದು. ಮರಾಠಿಯಲ್ಲಿ ಪದದ ಕೊನೆಯ ಅಕ್ಷರದ ಅಕಾರವನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ಅಲ್ಲಿ ಹಾಗೆ ಬರೆದರೂ "ಸ್ಟೋರ್ಸ್" ಎಂದೇ ಓದುತ್ತಾರೆ. ಕನ್ನಡದಲ್ಲಿ ಬರೆದಷ್ಟನ್ನೂ ಓದುತ್ತೇವೆ. ಎರಡೂ ಲಿಪಿ ಬರೆಯುವ ನಮ್ಮ ಪೇಂಟರುಗಳ ಕೈಯಲ್ಲಿ ಆ ರೂಢಿ ಇತ್ತ ಬಂದಿದೆ. ಅವರನ್ನು ಬೈಯಬೇಡಿ. ಹಾಳೆಯಲ್ಲಿ "ಸ್ಟೋರ್ಸ್" ಅಂತ ಸ್ಪಷ್ಟವಾಗಿ ಬರೆದು, ಕೊನೆಯ ಅರ್ಧಾಕ್ಷರದ ಗುರುತನ್ನು ಬೆರಳಿಟ್ಟು ತೋರಿಸಿ.

ಅರ್ಕಾವೊತ್ತೂ ಹೀಗೇ ಕಾಡುತ್ತದೆ. ಅರ್ಕಾವೊತ್ತು ಅಂದರೆ ಅಕ್ಷರದ ಬಲಕ್ಕೆ ಬರುವ ರಕಾರದ ಚಿಹ್ನೆ. ಅದು ಕಾಣುವುದು ಅಕ್ಷರದ ನಂತರ, ಓದುವುದು ಅಕ್ಷರದ ಮೊದಲು. ಅದನ್ನು ಒಂದು ಅಕ್ಷರ ಆಚೆ ಇಟ್ಟರೆ ಕರ್ನಾಟಕ ಹೋಗಿ "ಕನಾರ್ಟಕ" ಬರುತ್ತದೆ. ಮಾರ್ಕೆಟ್ ಹೋಗಿ "ಮಾಕೆರ್ಟ್" ಬರುತ್ತದೆ. ಕೆಲವರು ಕನ್ನಡದ ಒಂಬತ್ತನ್ನೇ (೯) ಅರ್ಕಾವೊತ್ತಿನ ಜಾಗಕ್ಕೆ ಕೂರಿಸುತ್ತಾರೆ. ಕಣ್ಣಿಗೆ ಒಂದೇ ಥರ ಕಂಡರೂ ಫಾಂಟ್ ಬದಲಿಸಿದ ಕೂಡಲೇ ಅದು ದಪ್ಪಗೆ, ಬೇರೆಯಾಗಿ ನಿಲ್ಲುತ್ತದೆ.

ಈಗ ಆ ಮಗುವಿನ ಕೈಗೆ ಹಾಳೆ ಕೊಟ್ಟು ಜೋರಾಗಿ ಓದಿಸಿ. ನಾವು ದೊಡ್ಡವರು ಪದದ ಆಕಾರ ನೋಡಿ ಅರ್ಥ ಊಹಿಸಿಬಿಡುತ್ತೇವೆ. ಮಗು ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ.

3. ಅನುವಾದವನ್ನು ಯಂತ್ರಕ್ಕೆ ಬಿಡಬೇಡಿ

ಮೊಬೈಲಿನಲ್ಲಿ ಇಂಗ್ಲಿಷ್ ಹಾಕಿ ಕನ್ನಡ ತೆಗೆದರೆ ಬೆಂಡೆಕಾಯಿ "ಮಹಿಳೆಯರ ಬೆರಳು" ಆಗಿ ಬರಬಹುದು, ಸ್ಪ್ರಿಂಗ್ ರೋಲ್ "ವಸಂತ ಸುರುಳಿ" ಆಗಬಹುದು. ಗಿರಾಕಿ ಬಾಯಲ್ಲಿ ಏನು ಕೇಳುತ್ತಾರೋ ಅದನ್ನೇ ಬರೆಯಿರಿ. ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮಾದಲಿಗೆ ಬೇರೆ ಹೆಸರು ಬೇಕಿಲ್ಲ. ವಾಚ್ ರಿಪೇರಿ, ಬೋರ್‌ವೆಲ್ ಎಂಬುವನ್ನೂ ಕನ್ನಡ ಅಕ್ಷರದಲ್ಲಿ ಹಾಗೇ ಬರೆದರೆ ಸಾಕು.

4. ಜಾಗ ಅಳೆಯಿರಿ

ಬೋರ್ಡು ಕೂರುವ ಜಾಗದ ಎತ್ತರವನ್ನು ಎಡ, ನಡು, ಬಲ ಮೂರು ಕಡೆ ಅಳೆಯಿರಿ. ಹಳೇ ಗೋಡೆ ಎಲ್ಲೂ ಒಂದೇ ಅಳತೆ ಇರುವುದಿಲ್ಲ. ಶಟರ್ ಎತ್ತಿದಾಗಲೂ ಇಳಿಸಿದಾಗಲೂ ನೋಡಿ. ರಸ್ತೆ ಆಚೆ ನಿಂತು ಫೋಟೋ ತೆಗೆಯಿರಿ. ವಿದ್ಯುತ್ ಕಂಬ, ಪಕ್ಕದವರ ತಗಡು, ಬೇವಿನ ಟೊಂಗೆ ಯಾವ ಭಾಗಕ್ಕೆ ಅಡ್ಡ ಬರುತ್ತವೆ ಅಂತ ಆ ಫೋಟೋದಲ್ಲೇ ಗುರುತು ಮಾಡಿ.

ತಗಡಿನ ವಿಷಯದಲ್ಲಿ ಒಂದು ಮಾತು. ಇಂಗ್ಲಿಷ್ ಬರಹದ ಕೆಳ ಅಂಚು ಸ್ವಲ್ಪ ಮುಚ್ಚಿದರೂ ಓದಬಹುದು. ಕನ್ನಡದ ಒತ್ತಕ್ಷರಗಳೆಲ್ಲ ಕೆಳಗೇ ಇರುತ್ತವೆ. ಎರಡು ಇಂಚು ಮುಚ್ಚಿದರೆ "ಬೆಳ್ಳಿ" ಹೋಗಿ "ಬೆಳಿ" ಉಳಿಯುತ್ತದೆ. ಆದ್ದರಿಂದ ಅಕ್ಷರದ ಮೇಲೆ ಬಿಟ್ಟಷ್ಟೇ ಜಾಗವನ್ನು ಒತ್ತಕ್ಷರದ ಕೆಳಗೂ ಬಿಡಿಸಿ. ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಅಕ್ಷರದ ಎತ್ತರಕ್ಕೆ ಒಂದು ಸರಳ ಲೆಕ್ಕವಿದೆ: ಓದುವವರು ನಿಲ್ಲುವ ದೂರದ ಪ್ರತಿ 10 ಅಡಿಗೆ 1 ಇಂಚು. ರಸ್ತೆ 40 ಅಡಿ ಇದ್ದರೆ ಮೂಲ ಅಕ್ಷರ ಕನಿಷ್ಠ 4 ಇಂಚು ಇರಲಿ. ಒತ್ತಕ್ಷರ ಇನ್ನೂ ಚಿಕ್ಕದಾಗಿ ಬರುವುದರಿಂದ ಕನ್ನಡಕ್ಕೆ ನಾನು ಒಂದು ಇಂಚು ಜಾಸ್ತಿಯೇ ಹಾಕಿಸುತ್ತೇನೆ.

ಕಾನೂನಿನ ಅಳತೆಯನ್ನೂ ಈಗಲೇ ಹಿಡಿಯಿರಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ಕ್ಕೆ 2024ರಲ್ಲಿ ತಿದ್ದುಪಡಿ ಆಗಿದೆ. ಅದರಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಮತ್ತು ಕನ್ನಡ ಮೇಲ್ಭಾಗದಲ್ಲಿ ಇರಬೇಕು. ಬೆಳಗಾವಿಯಲ್ಲಿ ಮೂರು ಭಾಷೆ ಹಾಕಿಸುವವರು ಬಹಳ. ಮೊದಲು ಇಂಗ್ಲಿಷ್ ಕೂರಿಸಿ ಆಮೇಲೆ ಉಳಿದ ಜಾಗಕ್ಕೆ ಕನ್ನಡ ತುರುಕಿದರೆ ಅಕ್ಷರ ಚಪ್ಪಟೆಯಾಗಿ ಎಳೆದ ಹಾಗೆ ಕಾಣುತ್ತದೆ. ಕನ್ನಡವನ್ನು ಮೊದಲು ಕೂರಿಸಿ, ಉಳಿದದ್ದರಲ್ಲಿ ಬೇರೆಯವು.

ಯಾವುದರ ಮೇಲೆ ಮಾಡಿಸಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿದೆ. ಸುಮ್ನೆ ಅದಕ್ಕೆ ದುಡ್ಡು ಹಾಕಬೇಡಿ. ತಗಡಿನ ಮೇಲೆ ಪೇಂಟು ಬರೆಸಬಹುದು. ಎಸಿಪಿ ಹಾಳೆ ಹಾಕಿಸಬಹುದು. ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್ ತುಂಬಿದ ಗಟ್ಟಿ ಹಲಗೆ. ಅದರ ಮೇಲೆ ಅಕ್ರಿಲಿಕ್ ಅಕ್ಷರ ಅಂಟಿಸುತ್ತಾರೆ. ಅಕ್ರಿಲಿಕ್ ಅಕ್ಷರಕ್ಕೆ ಸಾಮಾನ್ಯವಾಗಿ ಇಂಚಿನ ಲೆಕ್ಕದಲ್ಲಿ ದರ ಹೇಳುತ್ತಾರೆ. ಒತ್ತಕ್ಷರವನ್ನು ಬೇರೆ ಅಕ್ಷರ ಅಂತ ಎಣಿಸುತ್ತಾರಾ ಅಂತ ಮೊದಲೇ ಕೇಳಿ. ಜಗಳ ಆಗುವುದೇ ಅಲ್ಲಿ.

5. ಟೈಪ್ ಆದ ಮೇಲೆ ಪ್ರೂಫ್ ನೋಡಿ

ಪ್ರೂಫ್ ಅಂದರೆ ಅಚ್ಚಿಗೆ ಹೋಗುವ ಮೊದಲು ತೋರಿಸುವ ನಮೂನೆ. ಅದನ್ನು ಫೋಟೋ ಆಗಿ ಅಲ್ಲ, ಪಿಡಿಎಫ್ ಆಗಿ ಕೇಳಿ. ಫೋಟೋ ಕುಗ್ಗಿ ಬರುತ್ತದೆ, ಧ ಅಕ್ಷರದ ಕೆಳಗಿನ ಸೀಳು ಕಾಣುವುದೇ ಇಲ್ಲ.

ಯುನಿಕೋಡ್ ಎಂಬುದು ಎಲ್ಲ ಕಂಪ್ಯೂಟರಿಗೂ ಮೊಬೈಲಿಗೂ ಒಂದೇ ಥರ ಅರ್ಥವಾಗುವ ಅಕ್ಷರ ಸಂಕೇತ. ನೀವು ಮೊಬೈಲಿನಿಂದ ಕಳಿಸುವ ಕನ್ನಡ ಯುನಿಕೋಡಿನಲ್ಲಿ ಇರುತ್ತದೆ. ಬೋರ್ಡು ಮಾಡುವ ಅಂಗಡಿಗಳಲ್ಲಿ ಇನ್ನೂ ಹಳೇ ನುಡಿ, ಶ್ರೀಲಿಪಿ ಫಾಂಟುಗಳೇ ಓಡುತ್ತಿರುತ್ತವೆ. ಯುನಿಕೋಡಿನಿಂದ ಆ ಫಾಂಟುಗಳಿಗೆ ಬದಲಾಯಿಸುವಾಗ ಅರ್ಕಾವೊತ್ತು ಜಾಗ ಬಿಡುತ್ತದೆ, ಒತ್ತಕ್ಷರ ಪಕ್ಕಕ್ಕೆ ಸರಿಯುತ್ತದೆ. ಡಿಸೈನ್ ತಂತ್ರಾಂಶದ ಹಳೇ ಆವೃತ್ತಿಯಾದರೆ "ಕ್ಷ" ಒಡೆದು ಕ ಬೇರೆ ಷ ಬೇರೆ ಆಗುತ್ತದೆ. ನೀವು ಕಳಿಸಿದ್ದು ಸರಿ ಇತ್ತು ಎಂಬ ಧೈರ್ಯದಲ್ಲಿ ಕೂರಬೇಡಿ.

ಪ್ರೂಫನ್ನು ಹಿಂದಿನಿಂದ ಮುಂದಕ್ಕೆ ಓದಿ. ಕೊನೆಯ ಪದ ಮೊದಲು, ಮೊದಲ ಪದ ಕೊನೆಗೆ. ಆಗ ಊಹಿಸಿ ಓದುವುದು ನಿಲ್ಲುತ್ತದೆ. ಫೋನ್ ನಂಬರನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಪ್ರೂಫಿನಲ್ಲಿ ಇರುವ ಅಂಕಿಯನ್ನೇ ಒತ್ತಿ ಕರೆ ಮಾಡಿ. ನಿಮ್ಮ ಕಿಸೆಯಲ್ಲಿ ಗಂಟೆ ಹೊಡೆಯಬೇಕು. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಕಳಿಸಿ ನೋಡಿ.

ಸಾಲು ಎಲ್ಲಿ ಮುರಿದಿದೆ ಅಂತಲೂ ನೋಡಿ. ಕರದಂಟು ಎರಡು ಸಾಲಿಗೆ ಹರಿದು "ಕರ" ಮೇಲೆ, "ದಂಟು" ಕೆಳಗೆ ಆದರೆ ಅಮೀನಗಡದ ಸಿಹಿ ಹೋಗಿ ಸೊಪ್ಪಿನ ದಂಟು ಆಗುತ್ತದೆ. "ಗಾಡಿ ನಿಲ್ಲಿಸಬಾರದು" ಎಂಬಂಥ ನಿಷೇಧದ ಬೋರ್ಡಿನಲ್ಲಿ ಇದು ಇನ್ನೂ ಮುಖ್ಯ. ಕನ್ನಡದಲ್ಲಿ "ಬೇಡ", "ಬಾರದು" ಪದದ ಕೊನೆಗೆ ಬರುತ್ತವೆ. ಆ ತುದಿ ಮುರಿದು ಕೆಳಗಿನ ಸಾಲಿಗೆ ಹೋಗಿ, ಅದರ ಮುಂದೆ ಒಂದು ಬೈಕು ನಿಂತರೆ ಅರ್ಥವೇ ಉಲ್ಟಾ. "ಬಾರದು" ಒಂದನ್ನೇ ಕೆಂಪಿನಲ್ಲಿ ಬರೆಸುವುದೂ ಬೇಡ. ವಿಜಯಪುರದ ಬಿಸಿಲಿಗೆ ಕೆಂಪು ಬಣ್ಣವೇ ಮೊದಲು ಮಾಸುತ್ತದೆ. ಎರಡು ಬೇಸಿಗೆ ಕಳೆದ ಮೇಲೆ "ಇಲ್ಲಿ ಕಸ ಹಾಕ" ಅಷ್ಟೇ ಉಳಿಯುತ್ತದೆ.

ಎಲ್ಲ ಸರಿ ಇದ್ದರೆ ಪ್ರೂಫಿನ ಪ್ರಿಂಟಿನ ಮೇಲೆ ತಾರೀಖು ಹಾಕಿ ಸಹಿ ಮಾಡಿ. ಒಂದು ನಿಮಗೆ, ಒಂದು ಅವರಿಗೆ. ಆಮೇಲೆ ತಪ್ಪು ಬಂದರೆ ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲೇ ಇರುತ್ತದೆ. ಪ್ರೂಫಿನಲ್ಲೇ ತಪ್ಪಿದ್ದು ನೀವು ಸಹಿ ಹಾಕಿದ್ದರೆ ಖರ್ಚು ನಿಮ್ಮದು. ಪ್ರೂಫ್ ಸರಿ ಇದ್ದು ಬೋರ್ಡು ತಪ್ಪಿದ್ದರೆ ಅವರದು.

6. ಕತ್ತರಿಸುವಾಗ ಒಮ್ಮೆ ಹೋಗಿ ಬನ್ನಿ

ಈ ಹಂತವನ್ನು ಬಹುತೇಕ ಯಾರೂ ನೋಡುವುದಿಲ್ಲ. ಕತ್ತರಿಸುವ ಮೊದಲು ಬರಹವನ್ನು "ಕರ್ವ್" ಮಾಡುತ್ತಾರೆ, ಅಂದರೆ ಅಕ್ಷರವನ್ನು ಚಿತ್ರವಾಗಿ ಬದಲಿಸುತ್ತಾರೆ. ಆಮೇಲೆ ಫಾಂಟಿನಿಂದ ತೊಂದರೆ ಬರುವುದಿಲ್ಲ. ಆದರೆ ಆಗ ಒಂದೊಂದು ಒತ್ತು, ಒಂದೊಂದು ಚುಕ್ಕೆ ಬಿಡಿಬಿಡಿ ತುಂಡಾಗಿರುತ್ತದೆ. ಮೌಸ್ ತಾಗಿದರೂ ಒಂದು ತುಂಡು ಜಾರಬಹುದು.

ವಿನೈಲ್ ಅಂದರೆ ಹಿಂದೆ ಅಂಟಿರುವ ಬಣ್ಣದ ಹಾಳೆ. ಮಷಿನ್ನು ಅದರ ಮೇಲೆ ಅಕ್ಷರದ ಗೆರೆ ಕೊರೆಯುತ್ತದೆ. ಆಮೇಲೆ ಹುಡುಗನೊಬ್ಬ ಟೇಬಲ್ಲಿನ ಮೇಲೆ ಬಗ್ಗಿ, ಚಿಮಟ ಹಿಡಿದು, ಬೇಡದ ಚೂರುಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾನೆ. ಠ ಅಕ್ಷರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇರುತ್ತದೆ, ಅಲ್ವಾ? ಆ ಚುಕ್ಕೆ ಶೇಂಗಾ ಬೀಜಕ್ಕಿಂತ ಚಿಕ್ಕದು. ಸುತ್ತಲಿನ ಚೂರಿನ ಜೊತೆ ಅದೂ ಎದ್ದು ಬಂದರೆ ಠ ಹೋಗಿ ರ ಆಯಿತು. ಮಿಠಾಯಿ "ಮಿರಾಯಿ" ಆಯಿತು. ಮಠ "ಮರ" ಆಯಿತು. ಹಿರೇಮಠ ಎಂಬ ಅಡ್ಡಹೆಸರು ನಮ್ಮಲ್ಲಿ ಎಷ್ಟು ಮನೆಗಿದೆ! ಅವರೆಲ್ಲ ಈ ಚುಕ್ಕೆಯ ಮೇಲೆ ಒಂದು ಕಣ್ಣಿಡಬೇಕು.

ಅಕ್ರಿಲಿಕ್ ಅಕ್ಷರವಾದರೆ ತುಂಡುಗಳನ್ನು ನೆಲದ ಮೇಲೆ ಪ್ರೂಫಿನ ಹಾಗೇ ಜೋಡಿಸಿ ತೋರಿಸಲು ಹೇಳಿ. ಒತ್ತುಗಳನ್ನು ಎಣಿಸಿ. ಅಂಟಿಸುವ ಮೊದಲು ಹೀಗೆ ಜೋಡಿಸಿದ್ದನ್ನು ಒಂದು ಫೋಟೋ ತೆಗೆಯಿರಿ.

7. ಏರಿಸುವ ದಿನ

ಏರಿಸುವಾಗ ನೀವು ಏಣಿಯ ಹತ್ತಿರ ನಿಲ್ಲಬೇಡಿ, ರಸ್ತೆ ಆಚೆ ನಿಲ್ಲಿ. ಓರೆ ಆದದ್ದು ಅಲ್ಲಿಂದಲೇ ಕಾಣುವುದು. ಸ್ಕ್ರೂಗಳು ಅಂಚಿನಲ್ಲಿ ಬರಲಿ. ಬರಹದ ನಡುವೆ ಸ್ಕ್ರೂ ಹೊಡೆದರೆ ದೂರದಿಂದ ಅದು ಸೊನ್ನೆಯ ಹಾಗೆ ಕಾಣುತ್ತದೆ. ಮೇಲಿಂದ ಕೆಳಗೆ ಬಿಡಿ ಅಕ್ಷರ ಅಂಟಿಸುವುದಾದರೆ ಒತ್ತಕ್ಷರ ತನ್ನ ಮೂಲ ಅಕ್ಷರಕ್ಕೆ ಹತ್ತಿರ, ಮುಂದಿನ ಅಕ್ಷರದಿಂದ ದೂರ ಇರಬೇಕು.

ಬೆಳಗಾವಿಯ ಮಳೆಗೆ ಬೋರ್ಡಿನ ಪೆಟ್ಟಿಗೆಯ ಕೆಳಗೆ ನೀರು ಹರಿದು ಹೋಗಲು ಎರಡು ಸಣ್ಣ ತೂತು ಬೇಕು. ಒಳಗೆ ಎಲ್‌ಇಡಿ ಇದ್ದರೆ ರಾತ್ರಿ ಒಮ್ಮೆ ಹಚ್ಚಿ ನೋಡದೆ ಬಾಕಿ ಹಣ ಕೊಡಬೇಡಿ. ಹಗಲು ಪೂರ್ತಿ ಕಾಣುವ ಹೆಸರಿನಲ್ಲಿ ರಾತ್ರಿ ಎರಡು ಅಕ್ಷರಕ್ಕೆ ಬೆಳಕೇ ಇರುವುದಿಲ್ಲ.

8. ಆದರೂ ತಪ್ಪು ಬಂದಿದ್ದರೆ

ಇಡೀ ಬೋರ್ಡು ಇಳಿಸುವ ಅವಸರ ಬೇಡ. ವಿನೈಲ್ ಆದರೆ ತಪ್ಪಿದ ಪದವನ್ನಷ್ಟೇ ಅದೇ ಬಣ್ಣದಲ್ಲಿ ಮತ್ತೆ ಕತ್ತರಿಸಿ ಅಂಟಿಸಬಹುದು. ಪೇಂಟ್ ಆದರೆ ಅಷ್ಟು ಭಾಗಕ್ಕೆ ಬಣ್ಣ ಹೊಡೆದು, ಪೂರ್ತಿ ಒಣಗಿದ ಮೇಲೆ ಬರೆಸಿ. ಅರೆ ಒಣಗಿದ ಬಣ್ಣದ ಮೇಲೆ ಬರೆದರೆ ಹಳೇ ತಪ್ಪು ಕೆಳಗಿಂದ ಇಣುಕುತ್ತದೆ. ಅಕ್ರಿಲಿಕ್ ಆದರೆ ಒಂದು ತುಂಡು ಬದಲಿಸಿದರೆ ಸಾಕು. ಇದಕ್ಕೆಲ್ಲ ಮೂಲ ಫೈಲು ಬೇಕು. ಬಾಕಿ ಹಣ ಕೊಡುವಾಗಲೇ ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ.

ಅಕ್ರಿಲಿಕ್ ಮಾಡಿಸುವವರು ಇನ್ನೊಂದು ಕೆಲಸ ಮಾಡಿ. ಒತ್ತಕ್ಷರ ಮತ್ತು ಚುಕ್ಕೆಗಳನ್ನು ಒಂದೊಂದು ಜಾಸ್ತಿ ಕತ್ತರಿಸಿಕೊಡಲು ಹೇಳಿ. ಬೇರೆ ಅಕ್ಷರ ಕತ್ತರಿಸಿ ಉಳಿದ ಚೂರಿನಲ್ಲೇ ಅವು ಆಗುತ್ತವೆ. ಬಿಸಿಲು, ಮಳೆಗೆ ಅಂಟು ಬಿಟ್ಟರೆ ಮೊದಲು ಬೀಳುವುದು ಅವೇ. ಒಂದು ಕವರಿನಲ್ಲಿ ಹಾಕಿ, ಮೇಲೆ ಯಾವ ಅಕ್ಷರದ್ದು ಅಂತ ಬರೆದು, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಬಿಡಿ.